ಮಾರಾಯ ಮೀಮಾಂಸೆ

‘ಮಾರಾಯ’ ಎಂಬುದು ಮಂಗಳೂರಿನಲ್ಲಿ ಯಾರಿಗೆ ಬೇಕಾದರೂ ಯಾವ ಹೊತ್ತಿನಲ್ಲಾದರೂ ದಯಪಾಲಿಸಬಹುದಾದ ರಾಜಪದವಿ. ಮೂಲ ರೂಪ ‘ಮಹಾರಾಯ’. ಬಳಕೆಯಲ್ಲಿ ಹಕಾರ ಸವೆದುಹೋಯಿತು, ಅದರ ಜೊತೆಗೆ ರಾಜ್ಯ, ಬೊಕ್ಕಸ, ಸೈನ್ಯಗಳೂ. ಸ್ತ್ರೀಲಿಂಗ ‘ಮಾರಾಯ್ತಿ’; ಗೌರವಕ್ಕೆ ‘ಮಾರಾಯ್ರೆ’; ಗೌರವಕ್ಕೂ ಪುರುಸೊತ್ತಿಲ್ಲದಾಗ ‘ಮಾರ್ರೆ’. ಸಂಬೋಧನೆಯ ಹೊರತು ಬೇರೆ ವಿಭಕ್ತಿಗಳಲ್ಲಿ ಪದ ಅಪರೂಪ. ಎದುರಿಗಿರುವಷ್ಟು ಹೊತ್ತು ರಾಜ. ಬೆನ್ನು ತಿರುಗಿಸಿದರೆ ‘ಆ ಜನ’.

ಲಂಡನ್ನಿನ ಹುಡುಗರು ಜೊತೆಗಾರನನ್ನು ‘ಬ್ರವ್’ ಎಂದು ಸಹೋದರನನ್ನಾಗಿಸಿ ತೃಪ್ತರಾಗುತ್ತಾರೆ. ಬೆಂಗಳೂರು ‘ಮಗಾ’ ಎಂದು ಅವನನ್ನು ಒಂದು ತಲೆಮಾರು ಕೆಳಗಿಳಿಸುತ್ತದೆ. ಪಟ್ಟವನ್ನೇ ಕಟ್ಟುವುದು ಮಂಗಳೂರು.

ವಿಜಯನಗರದ ಕಾಲದಲ್ಲಿ ಮಂಗಳೂರು ರಾಜ್ಯವನ್ನು ಅಧಿಕಾರಿಗಳು ಆಳುತ್ತಿದ್ದರು, ರಾಯರು ಹಂಪಿಯಲ್ಲಿರುತ್ತಿದ್ದರು. ಕಣ್ಣೆದುರು ರಾಯನಿಲ್ಲದ ಕೊರತೆಯನ್ನು ಊರವರು ಪರಸ್ಪರ ಪಟ್ಟ ಕಟ್ಟಿ ನೀಗಿಸಿಕೊಂಡರೆಂಬುದು ಇಲ್ಲಿನ ಸಿದ್ಧಾಂತ. ಆಧಾರ ಒಂದೂ ಇಲ್ಲದ ಕಾರಣ ಅದನ್ನು ಖಂಡಿಸುವುದೂ ಕಷ್ಟ.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಮಾಡಿತು. ಮಾರಾಯರಿಗೆ ಇದರಿಂದ ನಷ್ಟವಾಗಲಿಲ್ಲ. ಹೋಟೆಲಿನ ಬಿಲ್ಲು ಮೊದಲಿನಿಂದಲೂ ಅವರ ಕಡೆಗೇ ಸರಿಯುತ್ತಿತ್ತು. ನಿಜವಾದ ತೊಡಕು 18ನೇ ವಿಧಿಯದು. ಸೈನ್ಯ ಮತ್ತು ವಿದ್ಯೆಗೆ ಸಂಬಂಧಿಸಿದವನ್ನು ಬಿಟ್ಟು ಬೇರಾವ ಬಿರುದನ್ನೂ ಸರ್ಕಾರ ಕೊಡುವಂತಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸು ಖಾಸಗಿಯಾದ್ದರಿಂದ ಅದರ ಕಂಡಕ್ಟರು ‘ಪಿರ ಪೋಲೆ ಮಾರಾಯ್ರೆ’ ಎಂದು ಬಸ್ಸು ತುಂಬ ರಾಜರನ್ನು ಹಿಂದಕ್ಕೆ ತಳ್ಳಿದರೂ ಬಾಧಕವಿಲ್ಲ. ಅದೇ ಮಾತು ಕೆಎಸ್‌ಆರ್‌ಟಿಸಿ ಕಂಡಕ್ಟರ ಬಾಯಿಂದ ಬಂದರೆ ಸಂವಿಧಾನಪೀಠ ಕೂರಬೇಕಾದೀತು. ಈ ಉದಾಹರಣೆಯಿಂದ ಇನ್ನೊಂದು ಲಕ್ಷಣವೂ ಸ್ಪಷ್ಟ: ಪದವಿ ಪಡೆದವನು ಅಪ್ಪಣೆ ಕೊಡುವುದಿಲ್ಲ, ಪಾಲಿಸುತ್ತಾನೆ.

ಅರ್ಥ ನಿಂತಿರುವುದು ಸ್ವರದ ಮೇಲೆ. ‘ಹೌದು ಮಾರಾಯ’ ಎಂದು ಚುಟುಕಾಗಿ ಮುಗಿಸಿದರೆ ಒಪ್ಪಿಗೆ, ಎಳೆದರೆ ‘ನೀನು ಹೇಳಿದ್ದು ನಿನ್ನೆಯೇ ಗೊತ್ತು’. ‘ಎಂತ ಮಾರಾಯ’ ಕುಶಲಪ್ರಶ್ನೆಯೂ ಹೌದು, ಛೀಮಾರಿಯೂ ಹೌದು. ‘ಸಾಕು ಮಾರಾಯ’ ಊಟದೆಲೆಯ ಮುಂದೆ ಸಂಕೋಚ, ಭಾಷಣದ ಮುಂದೆ ಪ್ರಾರ್ಥನೆ. ವೈಯಾಕರಣರು ಪ್ಲುತಕ್ಕೆ ಮೂರು ಮಾತ್ರೆ ಗೊತ್ತುಮಾಡಿದ್ದಾರೆ. ಹಂಪನಕಟ್ಟೆಯಲ್ಲಿ ರಸ್ತೆಯ ಆಚೆ ಬದಿಯ ಗೆಳೆಯನನ್ನು ಕರೆಯುವಾಗ ಅದು ಸಾಲುವುದಿಲ್ಲ.

ಮಾವನಿಗೆ, ಮೇಷ್ಟ್ರಿಗೆ ಪ್ರಯೋಗ ನಿಷಿದ್ಧ. ಟ್ರಾಫಿಕ್ ಪೊಲೀಸರೆದುರು ‘ಬಿಡಿ ಮಾರಾಯ್ರೆ’ ಎಂಬ ಪ್ರಯೋಗವುಂಟು, ಫಲ ಅನಿಶ್ಚಿತ. ಮಳೆಗಾಲದ ಬೆಳಿಗ್ಗೆ ಹೊರಡಲೊಪ್ಪದ ಸ್ಕೂಟರಿಗೂ ಪದವಿ ಸಲ್ಲುತ್ತದೆ; ಆದರೆ ಎಷ್ಟೇ ಹಳೆಯ ಸ್ಕೂಟರಾದರೂ ಏಕವಚನದಲ್ಲಿ ಮಾತ್ರ.