ರೋಮಿನ ತಿರುಬೋಕಿ

ಸಾಗರದ ಪೇಟೆಯಲ್ಲಿ ಈಗ ಅಡಿಕೆ ಧಾರಣೆ ಬಿಟ್ಟರೆ ಹೆಚ್ಚು ಮಾತಿಗೆ ಬರುವುದು ಹೊರದೇಶದಲ್ಲಿ ಓದುವ ಮಕ್ಕಳ ವಾಟ್ಸಾಪ್ ಸ್ಟೇಟಸ್ಸು. ಧಾರಣೆ ದಿನಕ್ಕೊಮ್ಮೆ ಬದಲಾದರೆ ಸ್ಟೇಟಸ್ಸು ಗಳಿಗೆಗೊಮ್ಮೆ. ಬೆಳಗ್ಗೆ ಸೇತುವೆ, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಯಾವುದೋ ಕಾರಂಜಿಯ ಎದುರು ಐಸ್‌ಕ್ರೀಮು. ಪುಸ್ತಕ ಹಿಡಿದ ಫೋಟೊ ಮಾತ್ರ ಭೂತಗನ್ನಡಿ ಹಾಕಿ ಹುಡುಕಿದರೂ ಸಿಗದು. ತೋಟದ ಪತ್ರ ಬ್ಯಾಂಕಿನಲ್ಲಿಟ್ಟ ಅಪ್ಪಂದಿರು ಒಂದು ಕಣ್ಣಲ್ಲಿ ಫೋಟೊ ನೋಡಿ ಹಿಗ್ಗುತ್ತಾರೆ, ಇನ್ನೊಂದು ಕಣ್ಣಲ್ಲಿ ಬಡ್ಡಿ ಲೆಕ್ಕ ಹಾಕುತ್ತಾರೆ.

ನಮ್ಮ ಭಾವ ಈ ಪೈಕಿಯವರು. ಮಗಳು ರೋಮಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಭಾವನ ಚಿಂತೆ ಒಂದೇ: "ಕೂಸು ಓದ್ತಾ ಇದ್ದಾ, ತಿರುಗ್ತಾ ಇದ್ದಾ, ಒಂದೂ ಗೊತ್ತಾಗ್ತಿಲ್ಲೆ ಮಾರಾಯ."

ಕೂಸಿನ ವರದಿಗಳು ನನಗೂ ಬರುತ್ತವೆ. "ಮಾವ, ಇಲ್ಲಿ ನಿಂತ್ಕಂಡು ಕಾಫಿ ಕುಡಿದ್ರೆ ಒಂದು ರೇಟು, ಕೂತ್ಕಂಡ್ರೆ ಇನ್ನೊಂದು." ಊಟ ಮುಗಿಸಿ ಹಾಲು ಹಾಕಿದ ಕಾಫಿ ಕೇಳಿದ್ದಕ್ಕೆ ಅಂಗಡಿಯವನು ಮೇಲಿಂದ ಕೆಳಗೆ ನೋಡಿದನಂತೆ. ಮಧ್ಯಾಹ್ನ ಕೆಲವು ಅಂಗಡಿಗಳು ಬಾಗಿಲೆಳೆದುಕೊಳ್ಳುತ್ತವಂತೆ. ಇದನ್ನು ಕೇಳಿ ಭಾವನಿಗೆ ಆ ದೇಶದ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಊಟದ ಮೇಲೆ ಅಡ್ಡಾಗುವ ವಿಷಯದಲ್ಲಿ ಅವರು ಬಹಳ ನಿಷ್ಠರು.

ನಾನು ಕೂಸಿನ ಪರ ವಕೀಲಿಕೆ ವಹಿಸಿಕೊಂಡೆ. ಸಾಕ್ಷಿಗೆ ಕರೆಸಿದ್ದು ಅದೇ ರೋಮಿನವನನ್ನು. ಹೆಸರು ಪಿಯೆತ್ರೊ ದೆಲ್ಲಾ ವಾಲೆ, ಹುಟ್ಟಿದ್ದು 1586ರಲ್ಲಿ. ಪ್ರೀತಿಸಿದ ಹುಡುಗಿ ಕೈತಪ್ಪಿ ಪ್ರಾಣ ಬಿಡಲು ಹೊರಟವನಿಗೆ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊ, ಸಾಯುವ ಬದಲು ಯಾತ್ರೆ ಹೋಗು ಅಂದ. ಇವನು 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದ. ಇಸ್ತಾಂಬುಲ್ಲಿನಲ್ಲಿ ತುರ್ಕಿ ಕಲಿತ, ಬಾಗ್ದಾದಿನಲ್ಲಿ ಮದುವೆಯಾದ, ಪರ್ಷಿಯಾದಲ್ಲಿ ಹೆಂಡತಿಯನ್ನು ಕಳೆದುಕೊಂಡ. ಸೂರತ್, ಗೋವಾ ದಾಟಿ, ಪೋರ್ಚುಗೀಸ್ ರಾಯಭಾರಿಯ ಬೆನ್ನು ಹಿಡಿದು 1623ರ ನವೆಂಬರಿನಲ್ಲಿ ಬಂದಿಳಿದದ್ದು ಎಲ್ಲಿಗೆ? ನಮ್ಮ ಇಕ್ಕೇರಿಗೆ. ಆಗ ಅದು ವೆಂಕಟಪ್ಪ ನಾಯಕನ ರಾಜಧಾನಿ. ರಾಯಭಾರಿಗೆ ಕಾಳುಮೆಣಸಿನ ವ್ಯವಹಾರದ ತಲೆಬಿಸಿ. ಇವನಿಗೆ ಯಾವ ಕೆಲಸವೂ ಇಲ್ಲ. ಶುದ್ಧ ತಿರುಬೋಕಿ.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದು ಘಟ್ಟ ಹತ್ತಿದ. ಹತ್ತುವಾಗ ಅವನಿಗೆ ತನ್ನೂರ ಅಪೆನೈನ್ ಬೆಟ್ಟ ನೆನಪಾಯಿತು. ನಮ್ಮ ಕೂಸಿಗೆ ಅಲ್ಲಿನ ಗುಡ್ಡ ಕಂಡಾಗಲೆಲ್ಲ ಹೊನ್ನೇಮರಡು ನೆನಪಾಗುತ್ತದೆ. ಲೆಕ್ಕ ಸರಿಹೋಯಿತು.

ಘಟ್ಟದ ದಾರಿಯಲ್ಲಿ, ಹೊರೆಯಾಳುಗಳು ಸಾಮಾನು ಕಟ್ಟುವಷ್ಟರಲ್ಲಿ, ಇವನು ಒಂದು ಗುಡಿಯ ಜಗಲಿಯಲ್ಲಿ ಕೂತ. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿಕೊಂಡು, ಬೆರಳಲ್ಲಿ ಅಂಕಿ ಬರೆಯುತ್ತ, ಬರೆದದ್ದನ್ನೇ ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಶುರು. ಮೇಷ್ಟರೇ ಇಲ್ಲ. ಇವನಿಗೆ ಆಶ್ಚರ್ಯ: ಮರೆತರೆ ತಿದ್ದುವವರು ಯಾರು? ಹುಡುಗರು ಹೇಳಿದರಂತೆ, ನಾಲ್ವರೂ ಒಂದೇ ಕಡೆ ಒಟ್ಟಿಗೆ ಮರೆಯುವುದುಂಟೇ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ. ಈಗ ಯೂನಿವರ್ಸಿಟಿಗಳು ಇದಕ್ಕೆ ಗ್ರೂಪ್ ಸ್ಟಡಿ ಅಂತ ಹೆಸರಿಟ್ಟು ಫೀಸು ತಗೊಳ್ಳುತ್ತವೆ.

ರಾಯಭಾರಿ ಅದೇ ದಾರಿಯಲ್ಲಿ ಬಂದವನೇ. ಅವನ ಕಣ್ಣಿಗೆ ಈ ಹುಡುಗರು ಬಿದ್ದಿದ್ದರೂ ಮೆಣಸಿನ ದರದ ಮುಂದೆ ಅವರೆಲ್ಲಿ ಲೆಕ್ಕ!

ಇಕ್ಕೇರಿಯಲ್ಲಿ ಪಿಯೆತ್ರೊ ಸಂಜೆಯಾದರೆ ಬೀದಿ ಸುತ್ತಲು ಹೊರಡುತ್ತಿದ್ದ. ಗೌರಿ ಹಬ್ಬದ ಸಡಗರ. ಬಣ್ಣದ ಗೇಣುದ್ದದ ಕೋಲು ಹಿಡಿದ ಹುಡುಗಿಯರು ಸಿಂಗರಿಸಿಕೊಂಡು, ತಾಳಕ್ಕೆ ಸರಿಯಾಗಿ ಕೋಲು ಕುಟ್ಟುತ್ತ, ಸುತ್ತುಗಟ್ಟಿ ಕುಣಿಯುತ್ತಿದ್ದರು. ಕೋಲಿನ ಉದ್ದ, ಉಡುಗೆ, ಹಾಡಿನ ಪಲ್ಲವಿ ಎಲ್ಲವನ್ನೂ ಬರೆದಿಟ್ಟುಕೊಂಡ. ಅಘೋರೇಶ್ವರನ ಗುಡಿಗೂ ಹೋದ.

ಬರೆದದ್ದೆಲ್ಲ ನಗುವಂಥದ್ದಲ್ಲ. ನಗಾರಿ ಬಾರಿಸುತ್ತಿದ್ದವನ ಹೆಂಡತಿಯೊಬ್ಬಳು ಸಹಗಮನಕ್ಕೆ ನಿಂತು ಬೀದಿಯಲ್ಲಿ ಮೆರವಣಿಗೆ ಹೋಗುವುದನ್ನು ಕಂಡ. ಕಂಡು ಸುಮ್ಮನಾಗಲಿಲ್ಲ. ಅವಳ ಮನೆ ಹುಡುಕಿ ಹೋದ, ದುಭಾಷಿಯ ಮೂಲಕ ಮಾತಾಡಿಸಿದ, ಬೇಡವೆಂದು ಹೇಳಿ ನೋಡಿದ. ಅವಳು ಕೇಳಲಿಲ್ಲ. ಅವಳ ಹೆಸರನ್ನು ತನ್ನ ಕಿವಿಗೆ ಬಿದ್ದ ಹಾಗೆ, ಜಕ್ಕಮ ಎಂದು, ಗೆಳೆಯ ಸ್ಕಿಪಾನೊಗೆ ಬರೆದ.

ಈಗ ಭಾವನೇ ಹೇಳಲಿ, ಇದು ತಿರುಗಾಟವೋ ಓದೋ? ಇದೇ ಅಘೋರೇಶ್ವರನ ಗುಡಿ ಭಾವನ ಮನೆಯಿಂದ ಕೂಗಳತೆ. ಅವರು ಅಲ್ಲಿಗೆ ಹೋಗುವುದು ನೆಂಟರು ಬಂದಾಗ. ನೆಂಟರು ಕಲ್ಲಿನ ಬಸವನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಕಾರ್ಯಕ್ರಮ ಮುಗಿಯಿತು. ಒಳಗೆ ನೆಲದ ಮೇಲೆ ಅಡ್ಡಬಿದ್ದ ಕೆಳದಿ ಅರಸರ ಮೂರು ಆಕೃತಿಗಳಿವೆ, ದಾಟಿಕೊಂಡೇ ಹೋಗುತ್ತಾರೆ. ಆ ಗುಡಿಯ ನಡುಗಂಬಗಳ ಅಂತರ ಹದಿನೆಂಟೂವರೆ ಅಡಿ. ತೋಟದ ಜಮೀನು ಅಳೆಯಲು ಒಂದು ಕಾಲಕ್ಕೆ ಅದೇ ಗಳುವಿನ ಅಳತೆಯಾಗಿತ್ತು ಎಂದಾಗ ಮಾತ್ರ ಭಾವನ ಕಿವಿ ನೆಟ್ಟಗಾಯಿತು. ಬೇಲಿಯ ತಕರಾರಿನಲ್ಲಿ ಉಪಯೋಗಕ್ಕೆ ಬರುತ್ತದೋ ಎಂದು ವಿಚಾರಿಸಿದರು.

ಕೂಸಿಗೂ ಫೋನು ಮಾಡಿದೆ. ಮೊನ್ನೆ ಅವಳು ಐಸ್‌ಕ್ರೀಮು ಹಿಡಿದು ನಿಂತಿದ್ದ ಚರ್ಚು ಸಾಂತ್ ಆಂದ್ರೆಯಾ ದೆಲ್ಲಾ ವಾಲೆ, ಇವನ ಮನೆತನದ ಹೆಸರು ಹೊತ್ತದ್ದು. ಹಿಂದೆ ಏನಿದೆ ಅಂತ ನೋಡದೆ ಮುಖಕ್ಕೆ ಬೆಳಕು ಎಲ್ಲಿದೆ ಅಂತ ನೋಡಿದ್ದಳು. ಅಷ್ಟಕ್ಕೆ ಬೈಯಲಿಲ್ಲ. ತೀರಿಹೋದ ಹೆಂಡತಿಯ ದೇಹವನ್ನು ಕರ್ಪೂರ ಹಾಕಿ ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ದೇಶದಿಂದ ದೇಶಕ್ಕೆ ಹೊತ್ತು ತಂದು ಅವನು ಮಣ್ಣು ಮಾಡಿದ್ದು ಅಲ್ಲೇ ಅರಾಚೇಲಿ ಚರ್ಚಿನಲ್ಲಿ, ಒಂದು ದಿನ ಹೋಗಿ ಬಾ ಅಂದೆ. "ಅದಕ್ಕೆ 124 ಮೆಟ್ಲು ಇದ್ದು ಮಾವ" ಅಂದಳು. ಮೆಟ್ಟಿಲು ಎಣಿಸಿದ್ದಾಳೆ ಅಂದಮೇಲೆ ಓದು ಶುರುವಾಗಿದೆ ಅಂತಲೇ ಲೆಕ್ಕ.

ಭಾವನಿಗೆ ಕಥೆಯೆಲ್ಲ ಒಪ್ಪಿತವಾದ ಹಾಗೆ ಕಂಡಿತು. ಕವಳ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

"ಅಂವ ಒಟ್ಟು ಎಷ್ಟು ವರ್ಷ ತಿರುಗಿದ್ದ?"

"1614ರಲ್ಲಿ ಹೊರಟವ ಮನೆ ಸೇರಿದ್ದು 1626ರಲ್ಲಿ. ಹನ್ನೆರಡು ವರ್ಷ."

"ಹನ್ನೆರಡಾ!" ಭಾವ ಎದ್ದು ಅಂಗಳಕ್ಕೆ ಹೋಗಿ ಕವಳ ಉಗಿದು ಬಂದರು. "ಅವನ ಅಪ್ಪಯ್ಯಂಗೆ ಎಷ್ಟು ಎಕರೆ ತೋಟ ಇತ್ತಡ?"