ಗಂಟೆಗೊಂದು ಮುಖ ಕೊಡಿ ಸ್ವಾಮೀ

ಕೋವಿಡ್ ಕಾಲ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ನಮ್ಮ ಘನ ಸರ್ಕಾರ ಹೋಂ ಕ್ವಾರಂಟೈನಿನಲ್ಲಿದ್ದವರಿಗೆಲ್ಲ ಒಂದು ಅಪ್ಪಣೆ ಹೊರಡಿಸಿತು: ಗಂಟೆಗೊಂದು ಸೆಲ್ಫಿ ಕಳಿಸತಕ್ಕದ್ದು. ಅದಕ್ಕೆಂದೇ ‘ಕ್ವಾರಂಟೈನ್ ವಾಚ್’ ಎಂಬ ಆ್ಯಪ್ ಬಂತು. ಫೋಟೊದ ಬೆನ್ನಿಗೆ ಜಿಪಿಎಸ್ ಅಂಟಿಕೊಂಡಿರುತ್ತಿತ್ತು. ಕಳಿಸದಿದ್ದವರನ್ನು ಮನೆಯಿಂದ ಎತ್ತಿಕೊಂಡು ಹೋಗಿ ಸರ್ಕಾರಿ ಕ್ವಾರಂಟೈನಿಗೆ ಹಾಕಲಾಗುವುದು ಎಂಬ ಎಚ್ಚರಿಕೆ ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ರಿಯಾಯಿತಿ. ಪ್ರಜೆಗೆ ನಿದ್ದೆ ಎಂಬುದೊಂದಿದೆ ಎಂದು ವಿಧಾನಸೌಧ ಬರವಣಿಗೆಯಲ್ಲಿ ಒಪ್ಪಿಕೊಂಡ ಅಪರೂಪದ ಸಂದರ್ಭ ಅದು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 15, ಹದಿನಾಲ್ಕು ದಿನಕ್ಕೆ 210 ಫೋಟೊ. ರೇಷನ್ ಕಾರ್ಡಿನಿಂದ ಹಿಡಿದು ಆಧಾರ್‌ವರೆಗೆ ಸರ್ಕಾರ ಈವರೆಗೆ ಕೇಳಿದ್ದನ್ನೆಲ್ಲ ಕೂಡಿದರೂ ಅಷ್ಟಾಗದು. 7ರ ಫೋಟೊದಲ್ಲಿ ಬನಿಯನ್ನು, ಬಾಯಲ್ಲಿ ಬ್ರಷ್ಷು. 8ಕ್ಕೆ ಹಿಂದೆ ಕೂಗುತ್ತಿರುವ ಕುಕ್ಕರು, ಪಕ್ಕದಲ್ಲಿ ಹೆಂಡತಿಯ ಅರ್ಧ ಮೊಣಕೈ. 9ಕ್ಕೆ ಬಚ್ಚಲಮನೆ ಬಾಗಿಲಿನಿಂದ ಹೊರಗೆ ಚಾಚಿದ ಸೋಪು ಮೆತ್ತಿದ ಮುಖ. ಇವನ್ನೆಲ್ಲ ಪರಿಶೀಲಿಸಲು ಸರ್ಕಾರಿ ತಂಡವೊಂದು ಕೂತಿತ್ತು. ಪಾಪ, ಇಡೀ ಊರಿನ ಬನಿಯನ್ನು ನೋಡಿದ ಆ ನೌಕರರಿಗೆ ಯಾವ ಭತ್ಯೆ ಕೊಟ್ಟರೂ ಕಡಿಮೆಯೇ. ಸ್ಮಾರ್ಟ್‌ಫೋನೇ ಇಲ್ಲದವನ ಮುಖ ಸರ್ಕಾರದ ಲೆಕ್ಕದಲ್ಲಿ ಮುಖವೇ ಅಲ್ಲ. ಅದು ಹಳೆಯ ಸಂಗತಿ, ಬಿಡಿ.

ಸೋಂಕು ತಗುಲಿರಬಹುದಾದವನು ಕೆಲವು ದಿನ ಮನೆಯಲ್ಲಿರಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಪಕ್ಕದ ಮನೆ ಅಜ್ಜಿಯ ಶ್ವಾಸಕೋಶವನ್ನು ಒತ್ತೆಯಿಟ್ಟು ಅಡ್ಡಾಡುವ ಹಕ್ಕನ್ನು ಸಂವಿಧಾನ ನನಗೆ ಕೊಟ್ಟಿಲ್ಲ. ಯಾರು ಒಳಗಿರಬೇಕು, ಯಾರು ಓಡಾಡಬಹುದು ಎಂದು ತೀರ್ಮಾನಿಸಿದರಲ್ಲ, ಆ ರೀತಿಯ ಬಗ್ಗೆ ನನ್ನ ತಕರಾರು.

ಮೇ ತಿಂಗಳ ಮೊದಲ ವಾರ ಬೆಂಗಳೂರಿನ ವಲಸೆ ಕಾರ್ಮಿಕರು ಊರಿಗೆ ಹೋಗುತ್ತೇವೆ ಎಂದರು. ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಕೂತು ಮಾತಾಡಿದರು. ಆಮೇಲೆ ಶ್ರಮಿಕ ರೈಲು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ಅವರನ್ನು ತಡೆದದ್ದು ರೋಗ ಹರಡೀತೆಂದಲ್ಲ, ಸೆಂಟ್ರಿಂಗ್ ಕೆಲಸ ನಿಂತೀತೆಂದು. ದೇಶವೆಲ್ಲ ಉಗಿದ ಮೇಲೆ ರೈಲು ಮತ್ತೆ ಹೊರಟಿತು.

ಅದೇ ತಿಂಗಳ 25ಕ್ಕೆ ದೇಶದೊಳಗಿನ ವಿಮಾನ ಶುರುವಾಯಿತು. ದೆಹಲಿ, ಮಹಾರಾಷ್ಟ್ರ ಸೇರಿ ಆರು ರಾಜ್ಯಗಳಿಂದ ಬಂದವರು ಏಳು ದಿನ ಸಾಂಸ್ಥಿಕ ಕ್ವಾರಂಟೈನಿನಲ್ಲಿರಬೇಕು ಎಂಬುದು ಕರ್ನಾಟಕದ ನಿಯಮ. ಅಂದೇ ದೆಹಲಿಯಿಂದ ಬಂದಿಳಿದ ಕೇಂದ್ರ ಸಚಿವ ಡಿ.ವಿ. ಸದಾನಂದ ಗೌಡರು ಕಾರು ಹತ್ತಿ ಹೊರಟೇಬಿಟ್ಟರು. ಕೇಳಿದ್ದಕ್ಕೆ, ಔಷಧ ಇಲಾಖೆ ತಮ್ಮ ಕೈಯಲ್ಲಿದೆ, ತಮ್ಮಂಥವರಿಗೆ ವಿನಾಯಿತಿ ಇದೆ ಎಂದರು. ಇತ್ತು, ಸುಳ್ಳಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆಯನ್ನು ಸುತ್ತೋಲೆಯ ಕನ್ನಡದಲ್ಲಿ ಬರೆದರೆ ‘ವಿನಾಯಿತಿ’ ಎಂದಾಗುತ್ತದೆ.

ವಿನಾಯಿತಿ ಇಲ್ಲದವರ ಪಾಡು ಜುಲೈಯಲ್ಲಿ ಬೆಂಗಳೂರಿನ ದೊಮ್ಮಲೂರಿನಲ್ಲಿ ಕಂಡಿತು. ಪಾಲಿಕೆಯವರು ಬಂದು ಎರಡು ಫ್ಲ್ಯಾಟುಗಳ ಬಾಗಿಲಿಗೆ ಅಡ್ಡಲಾಗಿ ತಗಡು ಜಡಿದು ಹೋದರು. ಒಂದರೊಳಗೆ ಇಬ್ಬರು ಚಿಕ್ಕ ಮಕ್ಕಳ ತಾಯಿ, ಇನ್ನೊಂದರೊಳಗೆ ವಯಸ್ಸಾದ ದಂಪತಿ. ಗ್ಯಾಸ್ ಸೋರಿ ಬೆಂಕಿ ಹತ್ತಿದ್ದರೆ? ತಗಡು ಬಿಚ್ಚಲು ಟೆಂಡರ್ ಕರೆಯಬೇಕಿತ್ತೇನೋ. ಫೋಟೊ ಎಲ್ಲೆಡೆ ಹರಿದಾಡಿದ ಮೇಲೆ ಆಯುಕ್ತರು ಕ್ಷಮೆ ಕೇಳಿ ತೆಗೆಸಿದರು. ಆದರೆ ಊರು ಅಷ್ಟರಲ್ಲಿ ಪಾಠ ಕಲಿತಾಗಿತ್ತು: ಟೆಸ್ಟ್ ಮಾಡಿಸಿದರೆ ತಾನೇ ಪಾಸಿಟಿವ್? ಜ್ವರ ಬಂದವರು ಮೆಡಿಕಲ್ ಶಾಪಿನಿಂದ ಡೋಲೊ ತರಿಸಿ ನುಂಗಿದರು, ಪಕ್ಕದ ಮನೆಗೆ ಕೇಳದಂತೆ ದಿಂಬಿಗೆ ಬಾಯಿಟ್ಟು ಕೆಮ್ಮಿದರು. ತಗಡು ಸೋಂಕನ್ನು ತಡೆಯಲಿಲ್ಲ, ಬಚ್ಚಿಡುವುದನ್ನು ಕಲಿಸಿತು.

ಕ್ವಾರಂಟೈನಿನವರ ಕೈಗೆ ಒತ್ತುವ ಮುದ್ರೆಗೆ ಚುನಾವಣೆಯ ಅಳಿಸಲಾಗದ ಶಾಯಿ ಬಳಸಿಕೊಳ್ಳಿ ಎಂದು ಚುನಾವಣಾ ಆಯೋಗವೇ ಅನುಮತಿ ಕೊಟ್ಟಿತ್ತು. ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ. ಬೆರಳಿಗೆ ಹಚ್ಚಿದರೆ ಮತದಾರ ಪ್ರಭು, ನಾಲ್ಕಂಗುಲ ಮೇಲೆ ಒತ್ತಿದರೆ ತಲೆತಪ್ಪಿಸಿಕೊಂಡ ಕೈದಿ. ಮನೆ ಬಾಗಿಲಿಗೆ ಪೋಸ್ಟರ್ ಬೇರೆ. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು.

ಈ ದರ್ಬಾರಿನ ಬೇರು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಯ ಪ್ಲೇಗಿಗೆ ಹೆದರಿ ಬ್ರಿಟಿಷರು ಬರೆದದ್ದು, ಮೂಲದಲ್ಲಿ ನಾಲ್ಕೇ ಕಲಮು. ಸದುದ್ದೇಶದಿಂದ ಏನೇ ಮಾಡಿದರೂ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ ಕೊನೆಯದು. 2020ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು ಎಂದರು. ಬೇಕಾದದ್ದೇ. ಮನೆಯಲ್ಲಿ ಕೂತವನ ಒಲೆ ಹೇಗೆ ಉರಿಯಬೇಕು ಎಂದು ಬರೆಯಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ.

ಆದ್ದರಿಂದ ಕರಡನ್ನು ನಾನೇ ಕೊಡುತ್ತೇನೆ, ಶಾಸಕರು ದಯಮಾಡಿ ಮಂಡಿಸಿ. ಒಂದು, ಊರಿನ ಒಳಿತಿಗಾಗಿ ಮನೆಯಲ್ಲಿ ಕೂರಿಸಿದವನಿಗೆ ಅಷ್ಟೂ ದಿನದ ಕೂಲಿ, ರೇಷನ್ನು, ಔಷಧಿ ಬಾಗಿಲಿಗೆ ಬರತಕ್ಕದ್ದು. ಎರಡು, ವಿನಾಯಿತಿ ಪಡೆದ ಪ್ರತಿಯೊಬ್ಬರ ಹೆಸರನ್ನೂ ಕಾರಣವನ್ನೂ ಊರಿಗೆ ಕಾಣುವಂತೆ ಅಂಟಿಸತಕ್ಕದ್ದು. ಖರ್ಚಿನ ಚಿಂತೆ ಬೇಡ. ಕೋರ್ಟು ಬೇಡವೆಂದ ಪೋಸ್ಟರುಗಳು ಯಾವುದಾದರೂ ಗೋದಾಮಿನಲ್ಲಿ ಬಿದ್ದಿರುತ್ತವೆ, ಹಿಂಬದಿ ಖಾಲಿ ಇದೆ.