ಬೀಗಮುದ್ರೆಯ ದೊರೆಗಳಿಗೆ ಈಸೂರಿನಿಂದ ಒಂದು ಅರ್ಜಿ

ಮಹಾಸ್ವಾಮಿಗಳೇ,

ಕಂಪ್ಯೂಟರ್ ಆಟಗಳನ್ನು ಮಾರಿ, ಮಾರಿದ ಮೇಲೂ ಕೀಲಿಕೈಯನ್ನು ತಮ್ಮ ಸೊಂಟದಲ್ಲೇ ಸಿಕ್ಕಿಸಿಕೊಂಡಿರುವ ಸಮಸ್ತ ಕಂಪನಿಗಳಿಗೆ ಶಿಕಾರಿಪುರ ತಾಲ್ಲೂಕಿನ ಈಸೂರಿನಿಂದ ಒಬ್ಬ ಬಡಪಾಯಿ ಗಿರಾಕಿಯ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಊರಿನ ಹೆಸರು ತಮ್ಮ ಸರ್ವರುಗಳಿಗೆ ತಿಳಿದಿರಲಿಕ್ಕಿಲ್ಲ. 1942ರ ಸ್ವಾತಂತ್ರ್ಯ ಹೋರಾಟದಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ತನ್ನದೇ ಸರ್ಕಾರ ಸಾರಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದ ಊರಿದು. ಆ ಹೋರಾಟದ ಐವರು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ಅವರನ್ನು ಆಟದ ಜಗಳಕ್ಕೆ ಎಳೆದು ತರುವಷ್ಟು ಭಂಡ ನಾನಲ್ಲ. ಅಪ್ಪಣೆ ಕೇಳಿ ಬದುಕುವ ಅಭ್ಯಾಸ ಇಲ್ಲಿನ ನೀರಿನಲ್ಲೇ ಕಡಿಮೆ ಎಂದಷ್ಟೇ ಹೇಳುತ್ತಿದ್ದೇನೆ. ಅಂಥ ಊರಿನವನೊಬ್ಬ ಇಂದು ದುಡ್ಡು ಕೊಟ್ಟು ಕೊಂಡ ಆಟವನ್ನು ತನ್ನ ಮನೆಯಲ್ಲಿ, ತನ್ನ ಕಂಪ್ಯೂಟರಿನಲ್ಲಿ, ಒಬ್ಬನೇ ಕೂತು ಆಡಲು ಯಾವುದೋ ಖಂಡದ ಸರ್ವರಿನ ಅಪ್ಪಣೆಗೆ ಕಾಯುತ್ತಾನೆ. ಅಂದಿನ ಸರ್ಕಾರದಿಂದ ಆಗದ್ದನ್ನು ತಾವು ಸಾಧಿಸಿದ್ದೀರಿ. ಅಭಿನಂದನೆಗಳು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದೆ, ಆಟ ಹಾರ್ಡ್‌ಡಿಸ್ಕಿನಲ್ಲೇ ಇದೆ, ಹೊರಗೆ ಸುರಿಯುತ್ತಿರುವುದರಿಂದ ಬಿಡುವೂ ಇದೆ. ಆದರೆ ತೆರೆಯ ಮೇಲೆ ‘ಸಂಪರ್ಕ ಸಾಧ್ಯವಾಗುತ್ತಿಲ್ಲ’ ಎಂಬ ಫಲಕ. ನಾನು ಕಳ್ಳನಲ್ಲ ಎಂದು ದೃಢಪಡಿಸುವವರು ಯಾರೂ ಇಲ್ಲದ್ದರಿಂದ ಆ ಸಂಜೆಗೆ ನಾನು ಕಳ್ಳ.

ಆಟದ ನಕಲು ತಡೆಯಲು ಹಾಕುತ್ತಿದ್ದ ಹಿಂದಿನ ಬೀಗಗಳಿಗೆ ಸ್ವಲ್ಪ ಮಾನ ಮರ್ಯಾದೆಯಿತ್ತು. 1990ರ ಡಾಸ್ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲಿ ಮೊದಲ ಹಂತ ದಾಟಿದರೆ ಶೀಷೆಗಳ ಕೋಣೆ ಬರುತ್ತಿತ್ತು. ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದ ನೋಡಿ, ಅದರ ಮೊದಲ ಅಕ್ಷರದ ಶೀಷೆ ಕುಡಿದರೆ ಮುಂದಿನ ದಾರಿ. ಆಮೇಲೆ ಸಿಡಿಗಳ ಜೊತೆ ಸೇಫ್‌ಡಿಸ್ಕ್, ಸೆಕ್ಯುರಾಮ್ ಎಂಬ ಕಾವಲುಗಾರರು ಬಂದರು. 2015ರಲ್ಲಿ ವಿಂಡೋಸ್ 10 ಆ ಕಾವಲುಗಾರರನ್ನೇ ಅಪಾಯಕಾರಿ ಎಂದು ಬಾಗಿಲಲ್ಲೇ ತಡೆಯಿತು. ಅಸಲಿ ಸಿಡಿ ಕೊಂಡವರು ಈಗ ಅವನ್ನು ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಬಹುದು. ನಕಲು ಪ್ರತಿಯವನ ಆಟ ಮಾತ್ರ ಇನ್ನೂ ಓಡುತ್ತಿದೆ, ಅವನ ಪ್ರತಿಯಲ್ಲಿ ಕಾವಲುಗಾರನೇ ಇರಲಿಲ್ಲವಲ್ಲ.

ತಮ್ಮ ಸಾಧನೆಗಳ ಪಟ್ಟಿ ಇನ್ನೂ ಇದೆ. 2008ರಲ್ಲಿ ಇಎ ಕಂಪನಿ ‘ಸ್ಪೋರ್’ ಆಟವನ್ನು ಮೂರೇ ಸಲ ಸಕ್ರಿಯಗೊಳಿಸಬಹುದೆಂದು ಕಟ್ಟಳೆ ವಿಧಿಸಿತು. ಆ ವರ್ಷ ಅತಿ ಹೆಚ್ಚು ಕದ್ದು ಇಳಿಸಿಕೊಂಡ ಆಟಗಳ ಪಟ್ಟಿಯಲ್ಲಿ ಟೊರೆಂಟ್‌ಫ್ರೀಕ್ ಸುದ್ದಿತಾಣ ಅದಕ್ಕೇ ಮೊದಲ ಸ್ಥಾನ ಕೊಟ್ಟಿತು. ಅದೇ ವರ್ಷ ಯೂಬಿಸಾಫ್ಟ್ ಕಂಪನಿ ‘ರೇನ್‌ಬೋ ಸಿಕ್ಸ್ ವೇಗಸ್ 2’ರ ಬೀಗದ ತೊಂದರೆಗೆ ಪರಿಹಾರವೆಂದು ಬಿಟ್ಟ ಫೈಲು, ನೋಡಿದರೆ, ‘ರಿಲೋಡೆಡ್’ ಎಂಬ ಬೀಗ ಮುರಿಯುವ ತಂಡದ್ದೇ ಆಗಿತ್ತು. 2010ರಲ್ಲಿ ಅದೇ ಕಂಪನಿಯವರು ‘ಅಸ್ಯಾಸಿನ್ಸ್ ಕ್ರೀಡ್ 2’ಕ್ಕೆ ಸದಾ ಇಂಟರ್‌ನೆಟ್ ಬೇಕೆಂದರು. ಮಾರ್ಚ್‌ನಲ್ಲಿ ಸರ್ವರೇ ಕುಸಿದು, ದುಡ್ಡು ಕೊಟ್ಟವರು ಹೊರಗೆ ನಿಂತರು.

ಅಡಿಕೆ ತೋಟದ ಕಾವಲಿಗೆ ಇಟ್ಟವನು ಬೇಲಿ ಹಾರಿದವನನ್ನು ಬಿಟ್ಟು, ದಣಪೆ ತೆಗೆದು ಬಂದ ಯಜಮಾನನ ಜೇಬು ತಡಕಿದರೆ ನಮ್ಮಲ್ಲಿ ಅವನನ್ನು ಮಾರನೇ ದಿನವೇ ಮನೆಗೆ ಕಳಿಸುತ್ತಾರೆ. ತಮ್ಮಲ್ಲಿ ಬಡ್ತಿ ಕೊಡುತ್ತಾರೆ.

ಕದಿಯುವವರ ಪರ ವಕಾಲತ್ತು ನನ್ನದಲ್ಲ. ವರ್ಷಗಟ್ಟಲೆ ದುಡಿದು ಆಟ ಕಟ್ಟಿದವರಿಗೆ ಕಾಸು ಸಿಗಲೇಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ 2 ವರ್ಷದವರೆಗೆ ಸಜೆಯಿದೆ, ದಂಡವೂ ಇದೆ. ಇರಲಿ. ಆದರೆ ನ್ಯಾಯವಾಗಿ ಕೊಂಡವನಿಗೆ ಬೀಗ ತೆರೆಯದೇ ಹೋದರೆ ಬೀಗ ಹಾಕಿದವನಿಗೆ ಏನು ಎಂಬುದನ್ನು ಆ ಕಲಂ ಹೇಳುವುದಿಲ್ಲ.

ಬೀಗವಿಲ್ಲದೆ ವ್ಯಾಪಾರ ಮುಳುಗುತ್ತದೆಂಬ ಭಯ ತಮಗಿದ್ದರೆ ಪೋಲೆಂಡಿನ ಕಡೆ ನೋಡಬಹುದು. ಸಿಡಿ ಪ್ರೊಜೆಕ್ಟ್ ಬಳಗ 2008ರಲ್ಲಿ ಶುರುಮಾಡಿದ ಜಿಒಜಿ ಅಂಗಡಿ ಬೀಗವಿಲ್ಲದ ಆಟಗಳನ್ನೇ ಮಾರುತ್ತದೆ. ‘ವಿಚರ್ 3’ 2015ರಲ್ಲಿ ಬಿಡುಗಡೆಯಾದ ದಿನವೇ ಅಲ್ಲಿ ಬೀಗವಿಲ್ಲದೆ ಸಿಕ್ಕಿತು. 2023ರ ಹೊತ್ತಿಗೆ ಎಲ್ಲ ಕಡೆ ಸೇರಿ ಅದರ 5 ಕೋಟಿ ಪ್ರತಿ ಮಾರಾಟವಾಗಿತ್ತು.

ಎಲ್ಲಕ್ಕಿಂತ ಚೆಂದದ ಕೆಲಸ ‘ದಿ ಕ್ರೂ’ದು. 2014ರಲ್ಲಿ ಮಾರಿದ ಈ ಕಾರ್ ಆಟದ ಸರ್ವರನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಆರಿಸಿತು. ಒಬ್ಬನೇ ಆಡುವ ಭಾಗವೂ ಅದರ ಜೊತೆಗೇ ಸತ್ತಿತು. ಅಷ್ಟಕ್ಕೇ ಬಿಡದೆ ಕೊಂಡವರ ಪರವಾನಗಿಯನ್ನೂ ಹಿಂತೆಗೆದುಕೊಂಡರು. ಇದನ್ನು ಕಂಡು ರಾಸ್ ಸ್ಕಾಟ್ ಎಂಬವರು ಶುರುಮಾಡಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಮನವಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಮೀರಿ ಸಹಿ ಬಿದ್ದಿದೆ. ಈಸೂರಿನ ಸಹಿ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಈ ಅರ್ಜಿ.

ನಮ್ಮ ಬೇಡಿಕೆಗಳು ಮೂರು. ಒಬ್ಬನೇ ಆಡುವ ಆಟಕ್ಕೆ ಇಂಟರ್‌ನೆಟ್ ಕಡ್ಡಾಯ ಮಾಡಬೇಡಿ. ಸರ್ವರ್ ಮುಚ್ಚುವ ದಿನ ಬೀಗ ತೆಗೆದು, ಕೀಲಿಕೈ ಕೊಂಡವನ ಕೈಗೆ ಕೊಟ್ಟು ಹೋಗಿ. ಎರಡೂ ಆಗದಿದ್ದರೆ, ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ ‘ಬಾಡಿಗೆಗೆ’ ಎಂದು ಬರೆಯಿರಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎನ್ನುವಂತಿಲ್ಲ. ಆ ಸಣ್ಣ ಪ್ರಾಮಾಣಿಕತೆಯನ್ನು ಶಿಕಾರಿಪುರದವರೆಗೂ ವಿಸ್ತರಿಸಿದರೆ ತಮ್ಮ ಗಂಟೇನೂ ಹೋಗದು.

ಅಲ್ಲಿಯವರೆಗೆ, ಈ ಪತ್ರ ಓದುತ್ತಿರುವ ಅಪ್ಪ ಅಮ್ಮಂದಿರಲ್ಲಿ, ಹುಡುಗ ಹುಡುಗಿಯರಲ್ಲಿ ಒಂದೇ ವಿನಂತಿ: ಕಾಸು ಬಿಚ್ಚುವ ಮುಂಚೆ, ನೆಟ್ ಇಲ್ಲದಾಗ ಈ ಆಟ ಓಡುತ್ತದೆಯೇ ಎಂದು ವಿಚಾರಿಸಿ. ಓಡುವುದಿಲ್ಲವಾದರೆ ಕೊಳ್ಳಬೇಡಿ.

ಇತಿ ತಮ್ಮ ವಿಧೇಯ,
ತಾತ್ಕಾಲಿಕ ಪರವಾನಗಿದಾರ,
ಈಸೂರು